ನಡೀತದ

ಜೀಪು ಹಡಪಸರ ದಾಟುವವರೆಗೂ ಶಿವಪ್ರಕಾಶ, ಹಿಂದಿನ ಸೀಟಿನಲ್ಲಿ ಕೂತ ಧರ್ಮಣ್ಣ ನಿದ್ದೆ ಹೋಗಿದ್ದಾನೆಂದೇ ತಿಳಿದಿದ್ದ. ಹಾಗೆ ತಿಳಿಯುವುದು ಅವನಿಗೆ ಬೇಕಾಗಿತ್ತು. ಬೆಳಿಗ್ಗೆ ಎಂಟಕ್ಕೆ ಭೋಸರಿಯ ಕಾರ್ಖಾನೆಯ ಗೇಟಿನಲ್ಲಿ ನಮಸ್ಕಾರ ಮಾಡಿ ಜೀಪು ಹತ್ತಿದವನು ಆಮೇಲೆ ತುಟಿ ಬಿಚ್ಚಿರಲಿಲ್ಲ. ಮಾತಾಡದವನು ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡುಬಿಟ್ಟರೆ ಆ ಮೌನಕ್ಕೆ ಬೇರೆ ಅರ್ಥ ಹುಡುಕುವ ಗೋಜು ಇರುವುದಿಲ್ಲ. ಆದರೆ ಲೋಣಿಯ ಹತ್ತಿರ ಲಾರಿಯೊಂದು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕು ಹಾಕಿದಾಗ ಕನ್ನಡಿಯಲ್ಲಿ ಧರ್ಮಣ್ಣನ ಮುಖ ಕಾಣಿಸಿತು. ಕಣ್ಣು ತೆರೆದೇ ಇದ್ದವು. ಎಷ್ಟು ಹೊತ್ತಿನಿಂದ ತನ್ನ ಕುತ್ತಿಗೆಯನ್ನೇ ನೋಡುತ್ತ ಕೂತಿದ್ದಾನೋ ಏನೋ. ಶಿವಪ್ರಕಾಶ ಅಂಗಿಯ ಕಾಲರು ಸರಿಮಾಡಿಕೊಂಡ.

ತೊಡೆಯ ಮೇಲಿನ ಫೈಲಿನಲ್ಲಿ ನಿನ್ನೆ ಮಧ್ಯಾಹ್ನ ಬಂದ ಫ್ಯಾಕ್ಸು ಇತ್ತು. ಮೂರೇ ಸಾಲು. ಕುರಕುಂಭದ ರಾಸಾಯನಿಕ ಕಾರ್ಖಾನೆಗೆ ಕಳೆದ ವರ್ಷ ಮಾಡಿಕೊಟ್ಟ ಪೈಪುಗಳಲ್ಲಿ ಎರಡರ ತೂತು ಒದ್ದೆಯಾಗಿದೆ, ಯಾರಾದರೂ ಬಂದು ನೋಡಬೇಕು. ಗೊತ್ತಿಲ್ಲದವರು ಓದಿದರೆ ನಗು ಬರುವಂಥ ಮಾತು. ಆ ಪೈಪುಗಳು ಹೊರಗೆ ಕಬ್ಬಿಣ, ಒಳಗೆ ಫ್ಲೋರೋಪಾಲಿಮರ್ ಎಂಬ ಪ್ಲಾಸ್ಟಿಕ್ಕಿನ ಬಿಳಿ ಅಸ್ತರು; ಎಂಥ ಆಸಿಡ್ಡೂ ಆ ಅಸ್ತರನ್ನು ತಿನ್ನಲಾರದು. ಕಬ್ಬಿಣಕ್ಕೆ ಮಾತ್ರ ಬೇಕೆಂತಲೇ ಒಂದು ಸಣ್ಣ ತೂತು ಕೊರೆದಿರುತ್ತಾರೆ. ಅಸ್ತರು ಕೆಟ್ಟು ಆಸಿಡ್ ಅದರ ಹಿಂದೆ ಸೇರಿಕೊಂಡರೆ ಮೊದಲ ಹನಿ ಆ ತೂತಿನಲ್ಲಿ ಕಾಣಬೇಕೆಂದು. ತೂತು ಒಣಗಿದ್ದರೆ ಎಲ್ಲ ಕ್ಷೇಮ. ಒದ್ದೆಯಾಗಿದ್ದರೆ ಆಸಿಡ್ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತಿದೆ ಎಂದರ್ಥ, ಎಷ್ಟು ತಿಂದಿದೆ ಎಂಬುದು ಹೊರಗೆ ನಿಂತವರ ಕಣ್ಣಿಗೆ ಕಾಣುವುದಿಲ್ಲ. ಫ್ಯಾಕ್ಸು ಓದಿದೊಡನೆ ಶಿವಪ್ರಕಾಶನಿಗೆ ಇದೆಲ್ಲ ಹೊಳೆದಿತ್ತು. ಬಾಯಿಗೆ ಬಂದದ್ದು ಮಾತ್ರ ಬೇರೆ. ಮಳೆನೀರಿರಬಹುದು ಎಂದು ಮಾಲೀಕ ಅವಧೂತರಾವ್‌ಗೆ ಹೇಳಿದ್ದ. ಅದು ಏಪ್ರಿಲ್ ತಿಂಗಳು. ಅವಧೂತರಾವ್ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ನಾಳೆ ಧರ್ಮಣ್ಣನನ್ನೂ ಕರೆದುಕೊಂಡು ಹೋಗಿ ಬಾ ಎಂದಷ್ಟೇ ಹೇಳಿದರು.

ಹನ್ನೆರಡು ವರ್ಷದಿಂದ ಶಿವಪ್ರಕಾಶನ ಕೆಲಸವೇ ಆ ಅಸ್ತರು ಮಾಡುವ ಪೌಡರು ಕೊಳ್ಳುವುದು. ಯಾವ ಆಸಿಡ್ಡಿಗೆ ಯಾವ ಪೌಡರು, ಯಾವ ಬಿಸಿಗೆ ಯಾವುದು, ಇಟಲಿಯದು ಬೇಕೋ ಜಪಾನಿನದು ಬೇಕೋ, ಎಲ್ಲ ಅವನಿಗೆ ಬಾಯಿಪಾಠ. ಒಮ್ಮೆಯೂ ಭಟ್ಟಿ ಕಾಣದ ಹೊಸ ಪೌಡರಿಗೆ ಈ ಧಂದೆಯಲ್ಲಿ ವರ್ಜಿನ್ ಎನ್ನುತ್ತಾರೆ. ಲೇತ್ ಯಂತ್ರದ ಕೆಳಗೆ ಉದುರಿದ ಚೂರುಗಳನ್ನು ಗುಡಿಸಿ, ತೊಳೆದು, ಮತ್ತೆ ಅರೆದು ಮಾಡಿದ್ದೂ ಇರುತ್ತದೆ; ಅದು ಬುಶ್ಶು, ವಾಶರಿನಂಥ ಸಣ್ಣ ಸಾಮಾನಿಗೆ ಸಾಕು, ಬಿಸಿ ಆಸಿಡ್ಡಿನ ಪೈಪಿಗೆ ಸಲ್ಲದು. ಒಂದು ರವಿವಾರ ಮನೆಯಲ್ಲಿ, ಹೆಂಡತಿಯ ತವರಿನ ಮಂದಿಯೆಲ್ಲ ಉಪ್ಪಿಟ್ಟು ತಿನ್ನುತ್ತ ಕೂತಿದ್ದಾಗ, ಮುಂಬಯಿಯ ವ್ಯಾಪಾರಿಗೆ ಫೋನಿನಲ್ಲಿ ವರ್ಜಿನ್ ಹೌದೋ ಅಲ್ಲವೋ ಪಕ್ಕಾ ಹೇಳಿ, ಹೋದ ಸಲದ್ದು ಮೊದಲೇ ಕೈಬದಲಾದ ಮಾಲು ಎಂದು ಜೋರಾಗಿ ಹಿಂದಿಯಲ್ಲಿ ಜಗಳ ತೆಗೆದಿದ್ದ. ಹೆಂಡತಿ ರೇಣು ಸೆರಗು ಬಾಯಿಗೊತ್ತಿಕೊಂಡು ಅಡಿಗೆಮನೆಗೆ ಓಡಿದ್ದಳು. ಇವತ್ತಿಗೂ ಅವಳಿಗೆ ಅದನ್ನು ನೆನೆದರೆ ನಗು. ಕಳೆದ ವರ್ಷ ಮೇ ತಿಂಗಳಲ್ಲಿ ಅದೇ ವ್ಯಾಪಾರಿಯ ಜೊತೆ ಅದೇ ಮಾತನ್ನು ದನಿ ತಗ್ಗಿಸಿ ಆಡಿದ್ದನ್ನು ಮಾತ್ರ ಅವನು ರೇಣುಗೆ ಹೇಳಿರಲಿಲ್ಲ.

ಆಗ ಇಟಲಿಯ ಚೀಲಗಳು ಬಂದರಿನಲ್ಲಿ ಯಾವುದೋ ಕಾಗದದ ತಕರಾರಿಗೆ ಸಿಕ್ಕು ಐದು ವಾರದಿಂದ ಬಿದ್ದಿದ್ದವು. ಕುರಕುಂಭದವರು ಪೈಪು ಪೈಪು ಎಂದು ದಿನಕ್ಕೆರಡು ಸಲ ಜೀವ ತಿನ್ನುತ್ತಿದ್ದರು. ಮುಂಬಯಿಯಿಂದ ಬಂದ ಇಪ್ಪತ್ತು ಚೀಲದ ಬಾಯಿಗೆ ಕೈಹೊಲಿಗೆ ಇತ್ತು, ಚೀಲದ ಮೇಲಿರಬೇಕಾದ ಲಾಟ್ ನಂಬರು ಇರಲಿಲ್ಲ. ಇದು ವರ್ಜಿನ್ ಅಲ್ಲವೆಂದು ನೋಡಿದೊಡನೆ ಶಿವಪ್ರಕಾಶನಿಗೆ ತಿಳಿಯಿತು, ತಿಳಿಯದವನಂತೆ ಇನ್ನೊಂದು ಚೀಲ ತಿರುವಿ ನೋಡಿದ. ಅವಧೂತರಾವ್ ಮೇಲಿನ ಕ್ಯಾಬಿನ್ನಿನಿಂದ ಕೇಳಿದ್ದು ಒಂದೇ ಮಾತು: "ಚಾಲೇಲ್ ಕಾ?" ಆದೀತೇ ಎಂದು. ಆಮೇಲೆ, ಅಲ್ಲಿದ್ದ ಟೈಪಿಸ್ಟ್ ಹುಡುಗಿಯೂ ನಗುವಂತೆ, ನಿನ್ನ ಆ ಯಂಡುಗುಂಡುವನ್ನು ಕೇಳು ಎಂದರು. ಕನ್ನಡದವರ ಮಾತು ಅವರ ಕಿವಿಗೆ ಹಾಗೆ ಕೇಳುತ್ತದಂತೆ, ಯಂಡುಗುಂಡು. ಹನ್ನೆರಡು ವರ್ಷದಲ್ಲಿ ಶಿವಪ್ರಕಾಶ ಆ ಮಾತಿಗೆ ತಾನೂ ನಗಲು ಕಲಿತಿದ್ದ, ಆ ದಿನವೂ ನಕ್ಕ.

ಧರ್ಮಣ್ಣ ಪೌಡರನ್ನು ಅಚ್ಚೊತ್ತುವ ಪ್ರೆಸ್ ವಿಭಾಗದ ಹಳೆಯ ಆಳು. ಯಾದಗಿರಿ ಕಡೆಯವನು, ಸಾಲೆಯ ಮುಖ ಕಂಡವನಲ್ಲ, ಆದರೆ ಪೌಡರನ್ನು ಅವನು ಹಿಟ್ಟು ಎನ್ನುತ್ತಿದ್ದ ಮತ್ತು ಹಿಟ್ಟಿನಂತೆಯೇ ಅದನ್ನು ಬಲ್ಲವನಾಗಿದ್ದ. ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ತಿಕ್ಕಿದ. ಒಂದು ತುಂಡು ಅಚ್ಚೊತ್ತಿ ಭಟ್ಟಿಗೆ ಹಾಕಿದ. ಮಾರನೇ ಬೆಳಿಗ್ಗೆ ತಣ್ಣಗಾದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡಿದರು. ಬಿಳುಪಿನಲ್ಲಿ ಎಲ್ಲೋ ಒಂದಿಷ್ಟು ಬೂದಿ ಬಣ್ಣ, ಎರಡು ಕರಿಯ ಚುಕ್ಕೆ; ವರ್ಜಿನ್ನಿನಲ್ಲಿ ಇರಬಾರದವು. ಧರ್ಮಣ್ಣ ಉಗುರಿನಿಂದ ಒಂದು ಚುಕ್ಕೆಯನ್ನು ಕೆರೆದು, ತುಂಡನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಶಿವಪ್ರಕಾಶನ ಮುಖ ನೋಡದೆ ಹೇಳಿದ.

"ನಡೀತದ್ರಿ ಸಾಹೇಬ್ರ."

ಈ ಒಂದು ಮಾತನ್ನು ಶಿವಪ್ರಕಾಶ ಹನ್ನೊಂದು ತಿಂಗಳಿಂದ ತಿರುವಿ ಮುರುವಿ ನೋಡುತ್ತಿದ್ದಾನೆ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ರೇಣು ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರುವಾಗ. ತಮ್ಮ ಕಡೆ ನಡೀತದ ಎಂದರೆ ಆದೀತು, ಸಾಕು, ಅಡ್ಡಿಯಿಲ್ಲ. ಅದು ನಿಜ. ಆದರೆ ಧರ್ಮಣ್ಣನ ಬಾಯಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇತ್ತು. ಯೆರವಡಾದ ಅವನ ಗುಡಿಸಲಿಗೆ ಪೊಲೀಸರು ಬಂದು ಸುಮ್ಮಸುಮ್ಮನೆ ಪಾತ್ರೆ ಚೆಲ್ಲಾಡಿ ಹೋದದ್ದನ್ನು ಹೇಳಿ ಕೊನೆಗೆ, ನಡೀತದ್ರಿ, ಎಂದಿದ್ದ. ಗುತ್ತಿಗೆದಾರ ಹೆಣ್ಣಾಳುಗಳ ಹಾಜರಿ ಕಡಿಮೆ ಬರೆದು ಕೂಲಿ ಹೊಡೆಯುವುದನ್ನು ಹೇಳಿ, ನಡೀತದ್ರಿ, ಎಂದಿದ್ದ. ಇಂಥದೆಲ್ಲ ಇಲ್ಲಿ ನಡೆಯುತ್ತದೆ, ಯಾರು ಕೇಳುವವರು ಎಂಬ ಅರ್ಥ. ಆ ಬೆಳಿಗ್ಗೆ ಕಿಟಕಿಯ ಹತ್ತಿರ ಅವನು ಹೇಳಿದ್ದು ಯಾವ ನಡೀತದ? ಗೊತ್ತಿಲ್ಲ ಎಂದು ಶಿವಪ್ರಕಾಶ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಗೊತ್ತಿತ್ತು. ಮುಖ ನೋಡದೆ ಹೇಳಿದ್ದರಲ್ಲೇ ಗೊತ್ತಾಗಿತ್ತು. ಪೌಡರಿನ ಬಗ್ಗೆ ಅಲ್ಲ, ಅದನ್ನು ಕೊಳ್ಳುವವರ ಬಗ್ಗೆ, ತನ್ನ ಬಗ್ಗೆ, ಧರ್ಮಣ್ಣ ಹೇಳಿದ್ದ. ಪ್ರೆಸ್ ವಿಭಾಗದಿಂದ ಕ್ಯಾಬಿನ್ನಿಗೆ ಹದಿನಾಲ್ಕು ಮೆಟ್ಟಿಲು. ಕೆಳಗಿನ ಮೆಟ್ಟಿಲಿನಲ್ಲಿ ಅದು ಕನ್ನಡದ ನಡೀತದ ಆಗಿತ್ತು. ಮೇಲೆ ಮುಟ್ಟುವುದರೊಳಗೆ ಮರಾಠಿಯ ಚಾಲೇಲ್ ಆಗಿತ್ತು. ಅವಧೂತರಾವ್ ತಲೆಯಾಡಿಸಿದರು. ಪರೀಕ್ಷೆ ತೃಪ್ತಿಕರ, ಪ್ರೆಸ್ ವಿಭಾಗದ ಒಪ್ಪಿಗೆ ಇದೆ ಎಂದು ಇಂಗ್ಲಿಷಿನಲ್ಲಿ ಬರೆದು ಶಿವಪ್ರಕಾಶ ಸಹಿ ಮಾಡಿದ. ಎಲ್ಲೂ ಸುಳ್ಳಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸುತ್ತಿತ್ತು.

ಯವತ ದಾಟಿತು. ರಸ್ತೆಯ ಎರಡೂ ಕಡೆ ಕಬ್ಬಿನ ಹೊಲ, ಬಿಸಿಗಾಳಿ. ಡ್ರೈವರ್ ಬೀಡಿ ಹಚ್ಚಲು ಅಪ್ಪಣೆ ಕೇಳಿದ, ಶಿವಪ್ರಕಾಶ ಹೂಂ ಎಂದ. ಯಾರು ಏನು ಕೇಳಿದರೂ ಹೂಂ ಎನ್ನುವುದು ಅವನಿಗೆ ಎಂದಿನಿಂದ ಬಂತೋ. ಮಿರಜದ ಆಸ್ಪತ್ರೆಯ ಹಸಿರು ಬಣ್ಣದ ಗೋಡೆ ನೆನಪಾಯಿತು. ಅಪ್ಪ ಗೂಳಪ್ಪ ಕಬ್ಬಿಣದ ಮಂಚದ ಮೇಲೆ ಮಲಗಿದ್ದ. ಅವ್ವ ಬಸವಣ್ಣೆವ್ವನಿಗೆ ಮರಾಠಿ ಬಾರದು, ಡಾಕ್ಟರಿಗೆ ಕನ್ನಡ ಬಾರದು. ಪಿಯುಸಿ ಓದುತ್ತಿದ್ದ ಶಿವಪ್ರಕಾಶ ನಡುವೆ ನಿಂತಿದ್ದ. ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಊರಿಗೆ ಕರೆದುಕೊಂಡು ಹೋಗಿ, ನೋಡಬೇಕಾದವರು ನೋಡಲಿ ಎಂದರು ಡಾಕ್ಟರು. ಅವ್ವ ಮಗನ ಬಾಯನ್ನೇ ನೋಡುತ್ತಿದ್ದಳು. "ಆರಾಮ ಆಗ್ತದಂತ, ಊರಿಗೆ ಕರಕೊಂಡು ಹೋಗ್ರಿ ಅಂತಾರ" ಎಂದ. ಅವಳ ಮುಖ ಬೆಳಗಿತು. ದಾರಿಯಲ್ಲಿ ಅವ್ವ ಪೇಢೆ ಕೊಂಡಳು, ಬಸ್ಸಿನಲ್ಲಿ ಪಕ್ಕದವರಿಗೂ ಕೊಟ್ಟಳು. ಮೂರನೇ ದಿನ ಅಪ್ಪ ಹೋದ. ಆರಾಮಾಗುತ್ತದೆಂದು ನಂಬಿ ಅತ್ತೆ ಮಾವಂದಿರು, ಅಪ್ಪನ ಅಣ್ಣತಮ್ಮಂದಿರು ಯಾರೂ ಬಂದು ನೋಡಿರಲಿಲ್ಲ. ಡಾಕ್ಟರು ಖರೆ ಏನು ಹೇಳಿದ್ದರು ಎಂದು ಅವ್ವ ಸಾಯುವತನಕ ಕೇಳಲಿಲ್ಲ. ಕೇಳಿದ್ದರೆ ಅವನು ಹಗುರಾಗುತ್ತಿದ್ದ. ಕೇಳದೆ ಹೋದದ್ದಕ್ಕೆ ಅವಳ ಮೇಲೆ ಅವನಿಗೆ ಈಗಲೂ ಸಿಟ್ಟಿದೆ.

ಕುರಕುಂಭದ ಕಾರ್ಖಾನೆ ಮುಟ್ಟಿದಾಗ ಹನ್ನೆರಡಾಗುತ್ತ ಬಂದಿತ್ತು. ಗೇಟಿನ ಒಳಗೆ ಹಳದಿ ಟೊಪ್ಪಿಗೆ ಹಾಕಿಕೊಂಡ ಭೀಮು ಕಾದು ನಿಂತಿದ್ದ. ಧರ್ಮಣ್ಣನ ತಮ್ಮ, ಇಪ್ಪತ್ತೆಂಟರ ಆಳು, ಇಲ್ಲೇ ಗುತ್ತಿಗೆಯ ಕೆಲಸ. ಎರಡು ವರ್ಷದ ಕೆಳಗೆ ಈ ಕೆಲಸಕ್ಕೆ ಚೀಟಿ ಕೊಟ್ಟು ಕಳಿಸಿದವನು ಶಿವಪ್ರಕಾಶನೇ. ಅದರ ಉಪಕಾರಕ್ಕೆ ಭೀಮು ಬಗ್ಗಿ ಕಾಲು ಮುಟ್ಟಲು ಬಂದ, ಶಿವಪ್ರಕಾಶ ಹಿಂದೆ ಸರಿದ. ಯಾವ ಕಡೆ ಕೆಲಸ ಎಂದು ಕೇಳಿದ್ದಕ್ಕೆ ಭೀಮು, ಅದೇ ಬಿಸಿ ಆಸಿಡ್ಡಿನ ಲೈನಿನ ಮೇಲೆ, ವಾಲ್ವು ತಿರುಗಿಸುವುದು, ದಿನವೆಲ್ಲ ಅಲ್ಲೇ ನಿಲ್ಲಬೇಕು ಎಂದ. ತಮ್ಮವರೇ ಮಾಡಿಕೊಟ್ಟ ಪೈಪು ಎಂದು ಎಲ್ಲರಿಗೂ ಹೇಳಿಕೊಂಡಿದ್ದಾನಂತೆ. ಧರ್ಮಣ್ಣ ತಮ್ಮನ ಹೆಗಲ ಮೇಲಿನ ಧೂಳು ಕೊಡವಿದ.

ಮೆಂಟೆನನ್ಸ್ ಎಂಜಿನಿಯರು ಎಳೆಯ ವಯಸ್ಸಿನವನು, ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು. ಅವರನ್ನು ನೇರವಾಗಿ ಲೈನಿನ ಹತ್ತಿರ ಕರೆದುಕೊಂಡು ಹೋದ. ಎದೆಯೆತ್ತರದಲ್ಲಿ ಪೈಪುಗಳು ಸಾಲಾಗಿ ಹೋಗಿದ್ದವು, ಹತ್ತಿರ ಹೋದರೆ ಮೈಗೆ ಬಿಸಿ ತಾಗುತ್ತಿತ್ತು, ಮೂಗಿನೊಳಗೆ ಚುರುಗುಟ್ಟುವ ವಾಸನೆ. ಒಂದು ಪೈಪಿನ ಕೆಳಮೈಯಲ್ಲಿ ಆ ತೂತು. ಶಿವಪ್ರಕಾಶ ಬಗ್ಗಿ ನೋಡಿದ. ಹನಿಯೊಂದು ತೂತಿನ ಬಾಯಲ್ಲಿ ಕಟ್ಟುತ್ತಿತ್ತು, ಹಳದಿ ಹಸಿರು ಬಣ್ಣದ್ದು. ಕಬ್ಬಿಣ ಕರಗಿದರೆ ಆಸಿಡ್ಡಿಗೆ ಆ ಬಣ್ಣ ಬರುತ್ತದೆಂದು ಅವನಿಗೆ ಗೊತ್ತಿತ್ತು. ಹನಿ ದಪ್ಪಗಾಗಿ, ಅಲುಗಿ, ಬಿತ್ತು. ಕೆಳಗಿನ ಸಿಮೆಂಟು ಅಂಗೈಯಗಲ ಎದ್ದುಹೋಗಿತ್ತು. ಅವನು ಎಣಿಸಲು ಹೋದ: ಇನ್ನೊಂದು ಹನಿ ಬರುವುದರೊಳಗೆ ನಲವತ್ತು. ಮುಂದಿನದಕ್ಕೆ ಮೂವತ್ತೈದು. ತಾನು ಬೇಗ ಬೇಗ ಎಣಿಸುತ್ತಿದ್ದೇನೆ ಎಂದುಕೊಂಡು ಎಣಿಸುವುದನ್ನು ಬಿಟ್ಟ.

ಎಂಜಿನಿಯರು ಹೇಳಿದ್ದು ಇಷ್ಟು. ರವಿವಾರ ಹೇಗೂ ಪ್ಲಾಂಟು ನಿಲ್ಲುತ್ತದೆ, ಆಗ ಪೈಪು ಬದಲಾಯಿಸಬಹುದು. ಇವತ್ತು ಬುಧವಾರ. ಈಗಲೇ ನಿಲ್ಲಿಸಬೇಕೆಂದರೆ ಅವನು ಮೇಲಿನವರಿಗೆ ಕಾರಣ ಕೊಡಬೇಕು, ಪೈಪು ಮಾಡಿದವರೇ ಬಂದು ಕೆಟ್ಟಿದೆ ಎಂದು ಬರೆದುಕೊಟ್ಟರೆ ಈ ಕ್ಷಣ ನಿಲ್ಲಿಸುತ್ತಾನೆ. ಇಲ್ಲ ತಡೆಯುತ್ತದೆ ಎಂದರೆ ಅದನ್ನೇ ಬರೆದುಕೊಡಲಿ. ಹೀಗೆ ಹೇಳಿ ಅವನು ಪ್ಯಾಡು ಮುಂದೆ ಹಿಡಿದ. "ರವಿವಾರಪರ್ಯಂತ ಚಾಲೇಲ್ ಕಾ?"

ಕೆಟ್ಟಿದೆ ಎಂದು ಬರೆದರೆ ಮುಂದಿನ ಪ್ರಶ್ನೆ ಏಕೆ ಕೆಟ್ಟಿತು ಎಂಬುದು. ಅಸ್ತರಿನ ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಾರೆ. ಲಾಟ್ ನಂಬರು ಕೇಳುತ್ತಾರೆ. ಅವಧೂತರಾವ್ ಅವನು ಸಹಿ ಮಾಡಿದ ಕಾಗದ ತೆಗೆದು ಮೇಜಿನ ಮೇಲಿಡುತ್ತಾರೆ, ನಗುತ್ತಲೇ ಇಡುತ್ತಾರೆ. ಇಷ್ಟೂ ಒಂದೇ ಉಸಿರಿನಲ್ಲಿ ಶಿವಪ್ರಕಾಶನ ಕಣ್ಣ ಮುಂದೆ ಬಂತು. ಪೈಪಿನ ಆಚೆ ಭೀಮು ವಾಲ್ವಿನ ಚಕ್ರದ ಮೇಲೆ ಕೈಯಿಟ್ಟು ಇವರ ಕಡೆ ನೋಡುತ್ತಿದ್ದ. ನಾಲ್ಕು ದಿನ. ಬರೀ ನಾಲ್ಕು ದಿನ. ಹನ್ನೊಂದು ತಿಂಗಳು ತಡೆದದ್ದು ನಾಲ್ಕು ದಿನ ತಡೆಯಲಾರದೇ. ಶಿವಪ್ರಕಾಶ ಧರ್ಮಣ್ಣನ ಕಡೆ ತಿರುಗಿದ. ಆ ಮನುಷ್ಯ ಅಷ್ಟು ಹೊತ್ತು ಬೆರಳ ಗೆಣ್ಣಿನಿಂದ ಪೈಪನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟು ಕೇಳುತ್ತಿದ್ದ.

"ಏನಂತಿ ಧರ್ಮಣ್ಣಾ?" ಎಂದು ಕನ್ನಡದಲ್ಲಿ ಕೇಳಿದ.

ಧರ್ಮಣ್ಣ ಈ ಸಲ ಮುಖ ನೋಡಿದ. "ನೀವ ಹೇಳ್ರಿ ಸಾಹೇಬ್ರ" ಎಂದ. "ಹ್ವಾದ ಸಲ ನಾ ಹೇಳೀನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಶಿವಪ್ರಕಾಶ ಅದನ್ನು ಹಿಡಿದುಕೊಂಡು ಜಗಳವಾಡಿ ಪಾರಾಗುತ್ತಿದ್ದ. ಎಂಜಿನಿಯರು ಕಾಯುತ್ತಿದ್ದ. ಇವನು ಏನೆನ್ನುತ್ತಾನೆ ಎಂದು ಮರಾಠಿಯಲ್ಲಿ ಕೇಳಿದ. ಬೇಡ, ನಿಲ್ಲಿಸಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದದ್ದು ಶಿವಪ್ರಕಾಶನಿಗೆ ಸ್ಪಷ್ಟವಾಗಿ ಗೊತ್ತಾಯಿತು, ಮುಂದೆ ಎಷ್ಟು ಸಲ ನೆನೆದರೂ ಅದು ಬಂದಿತ್ತು ಎಂದು ಪ್ರಮಾಣ ಮಾಡುವಷ್ಟು. "ಚಾಲೇಲ್" ಎಂದು ಕೇಳಿಸಿತು. ತನ್ನದೇ ದನಿ. ಬರೆದುಕೊಟ್ಟು ಸಹಿ ಮಾಡಿ, ದಿನಾಂಕ ಹಾಕಿದ.

ಊಟ ಮಾಡಿಕೊಂಡು ಹೋಗಿ ಎಂದ ಎಂಜಿನಿಯರು, ನಿರಾಳವಾಗಿದ್ದ. ಆಗ ಧರ್ಮಣ್ಣ ಎರಡು ಹೆಜ್ಜೆ ಮುಂದೆ ಬಂದು ಕೈಮುಗಿದು, ತನ್ನ ಮುರುಕು ಮರಾಠಿಯಲ್ಲಿ, ತಾಯಿಗೆ ಮೈಯಲ್ಲಿ ಆರಾಮಿಲ್ಲ, ಭಾಳ ಜಡ್ಡಾಗಿದ್ದಾಳೆ, ತಮ್ಮನನ್ನು ನೋಡಬೇಕೆನ್ನುತ್ತಿದ್ದಾಳೆ, ನಾಲ್ಕು ದಿನ ರಜೆ ಕೊಟ್ಟು ಈಗಲೇ ಕಳಿಸಿಕೊಡಿ ಎಂದು ಬೇಡಿಕೊಂಡ. ಅವರ ತಾಯಿ ಯಂಕವ್ವ ಸತ್ತು ಮೂರು ವರ್ಷವಾಗಿತ್ತು. ಮಣ್ಣಿಗೆ ಹೋಗಲು ಧರ್ಮಣ್ಣನಿಗೆ ರಜೆಯ ಚೀಟಿ ಬರೆದುಕೊಟ್ಟವನು ಶಿವಪ್ರಕಾಶನೇ. ಭೀಮು ಅಣ್ಣನ ಮುಖ ನೋಡಿದ. ಆಮೇಲೆ ಆ ಪೈಪಿನ ಕಡೆ ನೋಡಿದ. ಎಂಜಿನಿಯರು ಶಿವಪ್ರಕಾಶನ ಕಡೆ ತಿರುಗಿ, ಹೌದೇ, ಅಷ್ಟು ಜಡ್ಡಾಗಿದ್ದಾರೆಯೇ ಎಂದು ಕನಿಕರದಿಂದ ಕೇಳಿದ. ಶಿವಪ್ರಕಾಶ ಹೌದು ಎಂದ.

ಭೀಮುವಿನ ಬದಲು ಯಾರನ್ನಾದರೂ ನಿಲ್ಲಿಸಬೇಕಲ್ಲ, ಎಂಜಿನಿಯರು ಶೆಡ್ಡಿನ ಕಡೆ ಕೂಗಿದ. ಊಟಕ್ಕೆ ಕೂತವನೊಬ್ಬ ರೊಟ್ಟಿಯ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದ. ಮೂರು ಗಂಟೆಗೆ ಶಿಫ್ಟ್ ಬದಲಾಗುವತನಕ ನೀನು ನಿಲ್ಲು ಎಂದು ಅವನಿಗೆ ಹೇಳಿದ. ಇವರು ಕನ್ನಡ ಮಾತಾಡುವುದು ಕಿವಿಗೆ ಬಿದ್ದು ಆ ಮನುಷ್ಯನ ಮುಖ ಅರಳಿತು. ಹೆಸರು ಹಣಮಂತ್ರಾಯ, ಅಫಜಲಪುರದ ಕಡೆಯವನು, ಬಂದು ಎರಡೇ ತಿಂಗಳು. "ಸಾಹೇಬ್ರದು ಯಾವೂರ್ರಿ?" ಎಂದು ಕೇಳಿದ. ಶಿವಪ್ರಕಾಶ ಹೇಳಿದ. ಹಾಗಾದರೆ ನಮ್ಮವರೇ ಆದಿರಿ, ಬರ್ರಿ ಒಂದು ತುತ್ತು ರೊಟ್ಟಿ ತಿಂದು ಹೋಗ್ರಿ, ಹೆಂಡತಿ ಊರಿಂದ ಶೇಂಗಾ ಚಟ್ನಿ ಕಳಿಸಿದ್ದಾಳೆ ಎಂದು ಹಣಮಂತ್ರಾಯ ಒತ್ತಾಯ ಮಾಡಿದ. ಹೊತ್ತಾಗ್ತದ, ಮತ್ತೊಮ್ಮೆ ಬರ್ತೀನಿ ಎಂದ ಶಿವಪ್ರಕಾಶ. ಹಣಮಂತ್ರಾಯ ಭೀಮುವಿನ ತಲೆಯಿಂದ ಹಳದಿ ಟೊಪ್ಪಿಗೆ ತೆಗೆದು ತಾನು ಹಾಕಿಕೊಂಡು, ಅವ್ವನ್ನ ಚೊಲೋತ್ನ್ಯಾಗಿ ನೋಡ್ಕೋ ಎಂದು ಬೆನ್ನು ತಟ್ಟಿ, ಹೋಗಿ ವಾಲ್ವಿನ ಹತ್ತಿರ ನಿಂತ.

ಜೀಪು ಗೇಟು ದಾಟಿತು. ಶಿವಪ್ರಕಾಶನಿಗೆ ಬೆನ್ನ ಹಿಂದೆ ಈಗ ಎರಡು ಜೊತೆ ಕಣ್ಣು. ಅವನಿಗೆ ನಾಚಿಕೆಯಾಗುತ್ತಿತ್ತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ, ಅದರ ಕೆಳಗೆಲ್ಲೋ ಒಂದು ಹೊಲಸು ಸಮಾಧಾನ: ಕೊನೆಗೆ ಭೀಮುವಂತೂ ಅಲ್ಲಿಲ್ಲ. ಧರ್ಮಣ್ಣನೂ ತನ್ನಂಥವನೇ, ಅವನೂ ತನ್ನವನನ್ನು ಎತ್ತಿಕೊಂಡು ಬಂದನಲ್ಲ. ಹೀಗೆ ಯೋಚಿಸುವುದರಿಂದ ಏನೋ ಹಗುರಾದಂತೆ ಅನಿಸಿ, ಹಾಗೆ ಅನಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು. ಹೆದ್ದಾರಿ ಸೇರುವ ತಿರುವಿನಲ್ಲಿ ಕಬ್ಬಿನ ಹಾಲಿನ ಅಂಗಡಿಯ ಗಾಣದ ಗೆಜ್ಜೆ ಸದ್ದು ಮಾಡುತ್ತಿತ್ತು. ಭೀಮು ಬಾಯಿಬಿಟ್ಟ.

"ಅಣ್ಣಾ, ಹಣಮಂತ್ರಾಯಗ ಹೇಳಿ ಬಂದ್ಯೇನು?"

"ಏನಂತ ಹೇಳ್ಲಿ? ಸಾಹೇಬ್ರು ಸಹಿ ಮಾಡ್ಯಾರ" ಎಂದ ಧರ್ಮಣ್ಣ.

ಗಾಡಿ ನಿಲ್ಲಿಸಲು ಹೇಳಿದ ಭೀಮು. ಮರಾಠಿಯಲ್ಲಿ ಡ್ರೈವರಿಗೇ ಹೇಳಿದ, ಶಿವಪ್ರಕಾಶನಿಗಲ್ಲ. ಜೀಪು ನಿಲ್ಲುವುದರೊಳಗೆ ಇಳಿದು, ಬಂದ ದಾರಿಯಲ್ಲೇ ಬಿರಬಿರನೆ ನಡೆಯತೊಡಗಿದ. ಧರ್ಮಣ್ಣ ಎರಡು ಸಲ ಹೆಸರು ಹಿಡಿದು ಕೂಗಿದ. ಭೀಮು ತಿರುಗಲಿಲ್ಲ. ಆಮೇಲೆ ಧರ್ಮಣ್ಣ ಯಾರೋ ಎಬ್ಬಿಸಿದಂತೆ ಎದ್ದು ಇಳಿದು, ತಮ್ಮನ ಹಿಂದೆ ಹೋದ. ಹೋಗುವಾಗ ಜೀಪಿನ ಬಾಗಿಲನ್ನು ಮೆಲ್ಲಗೆ ಹಾಕಿದ. ಅವನು ಸಾಹೇಬರ ಗಾಡಿಯ ಬಾಗಿಲನ್ನು ಎಂದೂ ಬಡಿದವನಲ್ಲ.

ಏನಾಯಿತು ಸಾಹೇಬ್ ಎಂದು ಡ್ರೈವರ್ ಕೇಳಿದ. ಅವರ ತಾಯಿಗೆ ಆರಾಮಿಲ್ಲ ಎಂದ ಶಿವಪ್ರಕಾಶ. ಮತ್ತೆ ಆ ಕಡೆ ಯಾಕೆ ಹೋಗುತ್ತಿದ್ದಾರೆ ಎಂದು ಡ್ರೈವರ್ ಕೇಳಿದ. ಬಾಗಿಲಿನ ಹಿಡಿಯ ಮೇಲೆ ಶಿವಪ್ರಕಾಶನ ಕೈ ಇತ್ತು. ಒಂದು ಮೈಲಿಯೂ ಇಲ್ಲ, ಜೀಪು ತಿರುಗಿಸಿದರೆ ಎರಡು ನಿಮಿಷ. ಎಂಜಿನಿಯರಿಗೆ ಒಂದು ಮಾತು, ಪ್ಯಾಡಿನ ಮೇಲಿನ ಹಾಳೆ ಹರಿದುಹಾಕುವುದು, ಅಷ್ಟೇ. ಹಿಡಿ ಬಿಸಿಲಿಗೆ ಕಾದಿತ್ತು, ಅಂಗೈ ಸುಡುತ್ತಿತ್ತು, ಆದರೂ ಅವನು ಕೈ ತೆಗೆಯಲಿಲ್ಲ, ತಿರುಗಿಸಲೂ ಇಲ್ಲ. ರಸ್ತೆಯ ಮೇಲೆ ಅಣ್ಣ ತಮ್ಮ ಸಣ್ಣಗಾಗುತ್ತ ಹೋದರು. ಅವರು ಮುಟ್ಟಲಿ, ಅವರೇ ಹೇಳಲಿ ಎಂದುಕೊಂಡ.

ಆಗ ಸೈರನ್ನು ಕೂಗಿತು. ಉದ್ದಕ್ಕೆ ಕೂಗಿ, ನಿಂತು, ಮತ್ತೆ ಕೂಗಿತು. ದೂರದಲ್ಲಿ ಇಬ್ಬರೂ ಒಂದು ಕ್ಷಣ ನಿಂತರು, ಆಮೇಲೆ ಮುಂದಕ್ಕೆ ಓಡತೊಡಗಿದರು. ಡ್ರೈವರ್ ಬೀಡಿಯ ಬೂದಿ ಕೊಡವಿ, ಶಿಫ್ಟ್ ಬಿಟ್ಟಿತು ಅಂತ ಕಾಣುತ್ತದೆ ಎಂದ.

ಶಿವಪ್ರಕಾಶ ಕೈಗಡಿಯಾರ ನೋಡಿಕೊಂಡ. ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು; ಮೂರಾಗಲು ಇನ್ನೂ ಹೊತ್ತಿತ್ತು.

ಹೌದು ಎಂದ.